ಮದ್ದೂರು ವಡೆ ನಿಜಕ್ಕೂ ವಡೆಯೇ? ಕೇಳ್ತಿರೋದು ಯಾರು ಅನ್ನೋದರ ಮೇಲಿದೆ ಉತ್ತರ

ಉದ್ದಿನ ವಡೆಗೆ ಉದ್ದು ನೆನೆಸಿ ರುಬ್ಬಬೇಕು. ಮಸಾಲೆ ವಡೆಗೆ ಕಡಲೆಬೇಳೆ. ಮದ್ದೂರು ವಡೆಗೆ ಬೇಳೆ ನೆನೆಸುವ ಕೆಲಸವೇ ಇಲ್ಲ. ಅಕ್ಕಿಹಿಟ್ಟು, ಮೈದಾ, ಚಿರೋಟಿ ರವೆಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ ಕಲಸಿ, ತೆಳ್ಳಗೆ ತಟ್ಟಿ ಕರೀತಾರೆ. ಹಾಗೆ ನೋಡಿದ್ರೆ ಇದು ನಿಪ್ಪಟ್ಟಿನ ದಾಯಾದಿ. ಆದರೆ ನಿಪ್ಪಟ್ಟು ಡಬ್ಬಿಯಲ್ಲಿ ವಾರಗಟ್ಟಲೆ ಗರಿಗರಿಯಾಗಿರುತ್ತೆ, ಈರುಳ್ಳಿ ಬಿದ್ದ ಮದ್ದೂರು ವಡೆ ಬೇಗ ಮೆತ್ತಗಾಗುತ್ತೆ.

ಹಾಗಾದ್ರೆ ಇದು ವಡೆಯೋ, ನಿಪ್ಪಟ್ಟೋ? ಇಂಜಿನಿಯರಿಂಗ್ ಓದಿದ ನನ್ನ ತಲೆ ತಕ್ಷಣ ಫ್ಲೋಚಾರ್ಟ್ ಬರೆಯೋಕೆ ಶುರುಮಾಡುತ್ತೆ. ಬೆಂಗಳೂರು-ಮೈಸೂರು ರೈಲಿನಲ್ಲಿ ವಡೆ ಕೊಳ್ಳುವವರಿಗೆ ಮಾತ್ರ ಆ ಗೊಂದಲವೇ ಇಲ್ಲ. ತಿಂಡಿಗೆ ಬರಹದ ವ್ಯಾಖ್ಯಾನ ಬೇಕಾಗೋದು ನಡುವೆ ದುಡ್ಡು ಬಂದಾಗ.

ಅಮೆರಿಕದ ಉದಾಹರಣೆ ನೋಡಿ. ಎರಡು ಬ್ರೆಡ್ ತುಂಡುಗಳ ನಡುವೆ ಪಲ್ಯವೋ ಮಾಂಸವೋ ಇಟ್ಟರೆ ಸ್ಯಾಂಡ್‌ವಿಚ್. ಅದೇ ಹೂರಣವನ್ನು ತೆಳು ರೊಟ್ಟಿಯಲ್ಲಿ ಸುತ್ತಿದರೆ ರ‍್ಯಾಪ್. ಮೆಕ್ಸಿಕೋದ ಟೋರ್ಟಿಯಾ ರೊಟ್ಟಿಯಲ್ಲಿ ಬೀನ್ಸ್, ಅನ್ನ, ಮಾಂಸ ತುಂಬಿ ಮಡಚಿದರೆ ಬರಿಟೊ. ಮ್ಯಾಸಚೂಸೆಟ್ಸ್‌ನ ಒಂದು ಶಾಪಿಂಗ್ ಸೆಂಟರ್‌ನಲ್ಲಿ ಪನೇರಾ ಕಂಪನಿ, ಬೇರೆ ಸ್ಯಾಂಡ್‌ವಿಚ್ ಅಂಗಡಿಗೆ ಜಾಗ ಕೊಡಬಾರದು ಅಂತ ಬಾಡಿಗೆ ಕರಾರಿನಲ್ಲಿ ಬರೆಸಿಕೊಂಡಿತ್ತು. ಅಲ್ಲಿಗೆ ಬರಿಟೊ ಮಾರುವ ಕ್ಡೋಬಾ ಬರುವುದನ್ನು ತಡೆಯೋಕೆ ಹೊರಟಾಗ, 2006ರಲ್ಲಿ ನ್ಯಾಯಾಧೀಶರು ನಿಘಂಟು ತೆರೆದು, ಬರಿಟೊ ಸ್ಯಾಂಡ್‌ವಿಚ್ ಅಲ್ಲ ಅಂದರು. 2024ರಲ್ಲಿ ಇಂಡಿಯಾನಾದ ನ್ಯಾಯಾಧೀಶರೊಬ್ಬರು ಟ್ಯಾಕೊ, ಬರಿಟೊ ಎರಡೂ ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್ಚೇ ಅಂದರು. ಅಲ್ಲಿ ಸ್ಯಾಂಡ್‌ವಿಚ್ ಅಂಗಡಿಗೆ ಮಾತ್ರ ಅವಕಾಶವಿದ್ದ ಜಾಗದಲ್ಲಿ ಒಬ್ಬರು ಟ್ಯಾಕೊ ಅಂಗಡಿ ತೆರೆಯಬೇಕಿತ್ತು. ಹದಿನೆಂಟು ವರ್ಷದಲ್ಲಿ ಬರಿಟೊ ಏನೂ ಬದಲಾಗಿರಲಿಲ್ಲ, ಕರಾರು ಬದಲಾಗಿತ್ತು ಅಷ್ಟೆ.

ನಮ್ಮಲ್ಲೂ ಹೀಗೇ ಆಯ್ತು, ಪರೋಟ ವಿಷಯದಲ್ಲಿ. ಚಪಾತಿ, ರೊಟ್ಟಿಗೆ ಆಗ ಜಿಎಸ್‌ಟಿ ಶೇ. 5 ಇತ್ತು. ಪ್ಯಾಕೆಟ್ ಪರೋಟಕ್ಕೂ ಅದೇ ದರ ಅನ್ವಯಿಸುತ್ತಾ ಅಂತ ಬೆಂಗಳೂರಿನ ಕಂಪನಿಯೊಂದು ಕೇಳಿದಾಗ, 2020ರಲ್ಲಿ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 'ಇಲ್ಲ' ಅಂದಿತು. ರೊಟ್ಟಿ ಹಾಗೇ ತಿನ್ನಬಹುದು, ಈ ಪರೋಟ ಬಿಸಿ ಮಾಡಬೇಕು, ಹಾಗಾಗಿ ಶೇ. 18 ಅನ್ನೋದು ಅದರ ತರ್ಕ. ಅಂದರೆ ನೂರು ರೂಪಾಯಿಯ ಪ್ಯಾಕೆಟ್ಟಿಗೆ ಹದಿಮೂರು ರೂಪಾಯಿ ಹೆಚ್ಚು ತೆರಿಗೆ. ಕೆರಳದೇ ಇರ್ತಾರಾ ಜನ? ಸೋಷಿಯಲ್ ಮೀಡಿಯಾ ತುಂಬ ಪರೋಟದ್ದೇ ಜಗಳ. 2024ರಲ್ಲಿ ಕೇರಳ ಹೈಕೋರ್ಟ್‌ನ ಏಕಸದಸ್ಯ ಪೀಠ ಮಲಬಾರ್ ಪರೋಟಕ್ಕೆ ಶೇ. 5 ಸಾಕು ಅಂದಿತು. 2025ರ ಸೆಪ್ಟೆಂಬರ್ 22ರಿಂದ ರೊಟ್ಟಿಗೂ ಪರೋಟಕ್ಕೂ ತೆರಿಗೆಯೇ ಇಲ್ಲ.

ಈ ಸುದ್ದಿಗಳನ್ನು ನಾವು ತಮಾಷೆಯಾಗಿ ಶೇರ್ ಮಾಡಿ ಮರೀತೀವಿ. ಆದರೆ ತೆರಿಗೆ ಪಟ್ಟಿಯ ಒಂದು ಪದ, ಪೀಜಿ ರೂಮಿನಲ್ಲಿ ರಾತ್ರಿ ಪರೋಟ ಬಿಸಿ ಮಾಡಿಕೊಳ್ಳುವವರ ಜೇಬಿಗೇ ಕೈಹಾಕುತ್ತೆ. ಪದ ಯಾವುದಿರಬೇಕು ಅಂತ ತೀರ್ಮಾನಿಸೋ ಕೋಣೆಯಲ್ಲಿ ಅವರು ಇರೋದಿಲ್ಲ. ಹಾಗಾಗಿ 'ಇದು ರೊಟ್ಟಿ ಅಲ್ಲ' ಅಂತ ಯಾರಾದ್ರೂ ಹೇಳಿದಾಗ ಪಾಕವಿಧಾನ ಹುಡುಕಬೇಡಿ. ಹಾಗೆ ಹೇಳೋದರಿಂದ ಲಾಭ ಯಾರಿಗೆ, ಬಿಲ್ ಕಟ್ಟೋರು ಯಾರು ಅಂತ ಮೊದಲು ಕೇಳಿ.