ಧಾನ್ಯ ರೈತನದು, ಕಾಗದ ಯಾರದು?



ನಿಮ್ಮ ಮಗುವಿಗೆ ಆರು ತಿಂಗಳು ತುಂಬಿದಾಗ ತಾಯಿಹಾಲಿನ ಜೊತೆಗೆ ಮೊದಲು ತಿನ್ನಿಸಿದ್ದು ಏನು? ನಿಮ್ಮಲ್ಲಿ ಹೆಚ್ಚಿನವರು ರಾಗಿ ಎಂದೇ ಹೇಳುತ್ತೀರಿ. ನಮ್ಮ ಹಾಸನದ ಕಡೆ ಅದನ್ನು ರಾಗಿ ಸರಿ ಎನ್ನುತ್ತೇವೆ. ಕರಾವಳಿಯ ಸೋದರಿಯರಿಗೆ ಅದು ಮಣ್ಣಿ. ಇಷ್ಟು ನಮ್ಮದೇ ಆಗಿಹೋಗಿರುವ ಈ ಧಾನ್ಯದ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು, ಅಂದರೆ ಇಥಿಯೋಪಿಯಾ, ಉಗಾಂಡದ ಕಡೆ. ಸಾವಿರಾರು ವರ್ಷಗಳ ಹಿಂದೆಯೇ ಅದು ಕಡಲು ದಾಟಿ ನಮ್ಮ ಹೊಲಕ್ಕೆ ಬಂತು. ಇಥಿಯೋಪಿಯಾ ಎಂದರೆ ನಮ್ಮ ಚರಿತ್ರೆಯ ಹಬಶ. ಮಕ್ಕಾದ ಹಿಂಸೆ ತಾಳಲಾರದೆ ಹೊರಟ ಮೊದಲ ಮುಸ್ಲಿಮರಿಗೆ ನಜ್ಜಾಶಿ ದೊರೆ ಆಶ್ರಯ ಕೊಟ್ಟದ್ದು ಅಲ್ಲಿಯೇ.

ಅಲ್ಲಿ ರಾಗಿಗೆ ಸಂಬಂಧಿಯಾದ ಇನ್ನೊಂದು ಧಾನ್ಯವಿದೆ, ಹೆಸರು ಟೆಫ್. ಒಂದು ಗೋಧಿ ಕಾಳಿನ ತೂಕಕ್ಕೆ ನೂರಕ್ಕೂ ಹೆಚ್ಚು ಟೆಫ್ ಕಾಳು ಬೇಕು, ಅಷ್ಟು ಚಿಕ್ಕದು. ಅದರ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಿಸಿ, ಅಗಲವಾದ ಹೆಂಚಿನ ಮೇಲೆ ನಮ್ಮ ದೋಸೆಯಂತೆಯೇ ಹುಯ್ದು ಇಂಜೆರಾ ಮಾಡುತ್ತಾರೆ. ಒಂದೇ ದೊಡ್ಡ ತಟ್ಟೆಯ ಸುತ್ತ ಮನೆಮಂದಿಯೆಲ್ಲ ಕುಳಿತು ಉಣ್ಣುತ್ತಾರೆ. ಯಾವ ತಳಿ ಯಾವ ಮಣ್ಣಿಗೆ, ಯಾವುದು ಬರ ತಡೆಯುತ್ತದೆ ಎಂಬುದನ್ನೆಲ್ಲ ತಲೆತಲಾಂತರದಿಂದ ತಿಳಿದು ಬೀಜ ಉಳಿಸಿಕೊಂಡು ಬಂದವರು ಅಲ್ಲಿನ ಬಡ ರೈತರು, ಅವರ ಮನೆಯ ಹೆಂಗಸರು.

ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಟೆಫ್‌ನಲ್ಲಿಲ್ಲ. ಗೋಧಿ ತಿಂದರೆ ಕರುಳು ಕೆಡುವ ಕಾಯಿಲೆಯವರು ಯುರೋಪಿನಲ್ಲಿ ಬಹಳ ಮಂದಿ ಇದ್ದಾರೆ. ಹಾಗಾಗಿ ಅಲ್ಲಿನ ವ್ಯಾಪಾರಿಗಳ ಕಣ್ಣು ಈ ಧಾನ್ಯದ ಮೇಲೆ ಬಿತ್ತು.

2005ರಲ್ಲಿ ಹೆಲ್ತ್ ಆ್ಯಂಡ್ ಪರ್ಫಾರ್ಮೆನ್ಸ್ ಫುಡ್ ಇಂಟರ್‌ನ್ಯಾಷನಲ್ ಎಂಬ ಹಾಲೆಂಡಿನ ಕಂಪೆನಿ ಇಥಿಯೋಪಿಯಾದ ಸರಕಾರಿ ಸಂಸ್ಥೆಗಳ ಜೊತೆ ಒಂದು ಒಪ್ಪಂದ ಮಾಡಿಕೊಂಡಿತು. ಕಂಪೆನಿಗೆ ಟೆಫ್‌ನ 12 ತಳಿಗಳನ್ನು ಬಳಸುವ ಹಕ್ಕು. ಬದಲಿಗೆ ಆ ತಳಿಗಳ ಬೀಜ ಮಾರಿ ಬಂದ ನಿವ್ವಳ ಲಾಭದಲ್ಲಿ ಶೇ. 30 ಭಾಗ ಇಥಿಯೋಪಿಯಾಕ್ಕೆ. ಅದಲ್ಲದೆ ನಿವ್ವಳ ಲಾಭದ ಶೇ. 5 ಭಾಗ, ವರ್ಷಕ್ಕೆ 20,000 ಯೂರೋಗೆ ಕಡಿಮೆಯಾಗದಂತೆ, ರೈತರ ಬದುಕು ಸುಧಾರಿಸುವ ನಿಧಿಗೆ. ಓದಲು ಎಷ್ಟು ಚೆನ್ನಾಗಿದೆ ನೋಡಿ! ಜಗತ್ತಿಗೇ ಮಾದರಿ ಎಂದು ಆಗ ಹೊಗಳಿದವರಿದ್ದರು.

ಆಮೇಲೆ ಕೈಗೆ ಬಂದದ್ದೆಷ್ಟು ಗೊತ್ತೇ? ಒಟ್ಟು 4,000 ಯೂರೋ. ವರ್ಷಕ್ಕಲ್ಲ, ಒಪ್ಪಂದದ ಇಡೀ ಅವಧಿಗೆ. 2009ರಲ್ಲಿ ಕಂಪೆನಿ ದಿವಾಳಿಯೆದ್ದಿತು. ಅಷ್ಟರಲ್ಲಿ ಅದನ್ನು ನಡೆಸುತ್ತಿದ್ದವರು ಬೇರೆ ಹೆಸರಿನ ಕಂಪೆನಿಗಳನ್ನು ಕಟ್ಟಿಕೊಂಡಿದ್ದರು. ಟೆಫ್ ವ್ಯಾಪಾರ ಅಲ್ಲಿ ಮುಂದುವರಿಯಿತು. ಕೊಟ್ಟ ಮಾತು ಮಾತ್ರ ಹಳೆಯ ಕಂಪೆನಿಯ ಜೊತೆಗೇ ಮುಗಿಯಿತು. ಟೆಫ್ ಹಿಟ್ಟನ್ನು ಸಿದ್ಧಪಡಿಸಿ ಬಳಸುವ ವಿಧಾನದ ಮೇಲೆ 2007ರಲ್ಲಿ ಯುರೋಪಿನ ಪೇಟೆಂಟ್ ಕೂಡ ಅವರ ಪಾಲಾಗಿತ್ತು. ಶತಮಾನಗಳಿಂದ ಹಬಶದ ಅಜ್ಜಿಯರು ಕಲಸಿದ ಹಿಟ್ಟಿಗೆ ಹಾಲೆಂಡಿನಲ್ಲಿ ಒಡೆಯ ಹುಟ್ಟಿಕೊಂಡಂತಾಯಿತು. 2018ರಲ್ಲಿ ಹೇಗ್ ನಗರದ ನ್ಯಾಯಾಲಯ, ಇದರಲ್ಲಿ ಹೊಸ ಶೋಧನೆ ಏನೂ ಇಲ್ಲ ಎಂದು ಹಾಲೆಂಡಿನಲ್ಲಿ ಆ ಪೇಟೆಂಟನ್ನು ಅನೂರ್ಜಿತಗೊಳಿಸಿತು. ಆ ದಾವೆ ಹೂಡಿದವರೂ ಇಥಿಯೋಪಿಯಾದವರಲ್ಲ. ಪೇಟೆಂಟ್ ಹಿಡಿದಿದ್ದವರೇ ಇನ್ನೊಂದು ಕಂಪೆನಿಯ ಮೇಲೆ ಹಾಕಿದ್ದ ದಾವೆ ಅವರಿಗೇ ತಿರುಗಿ ಬಡಿದದ್ದು.

ಈ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಒಬ್ಬ ರೈತನೂ ಇರಲಿಲ್ಲ ಎಂಬುದನ್ನು ಓದಿದಾಗ ನನಗೆ ಹೊಳೆನರಸೀಪುರದ ಕಡೆಯ ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ನೆನಪಾದರು. ಅವರದು ಎರಡೂವರೆ ಎಕರೆ ಗದ್ದೆ. ಮೈಸೂರು ಅರಸರಿಗೆ ಪ್ರಿಯವಾಗಿತ್ತೆಂದು ಹೇಳುವ ರಾಜಮುಡಿ ಭತ್ತವನ್ನು ಗೊಬ್ಬರ ಚೀಲ, ಔಷಧಿ ಮುಟ್ಟಿಸದೆ ಬೆಳೆಯುತ್ತಾರೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಿಂದ ಒಂದು ಕಂಪೆನಿಯವರು ಬಂದು ಸುತ್ತಲಿನ ರೈತರನ್ನು ಒಂದು ಗುಂಪು ಮಾಡಿ, ಸಾವಯವ ಪ್ರಮಾಣಪತ್ರ ಮಾಡಿಸಿಕೊಡುತ್ತೇವೆ, ಒಳ್ಳೆಯ ಬೆಲೆ ಕೊಡುತ್ತೇವೆ ಎಂದರು. ಮೂರನೆಯ ಸುಗ್ಗಿಯಲ್ಲಿ ತೇವಾಂಶ ಹೆಚ್ಚಿದೆ ಎಂದು ಅರ್ಧ ಭತ್ತ ವಾಪಸು ಕಳಿಸಿದರು. ಉಳಿದರ್ಧದ ಹಣ ಬರಲು ಐದು ತಿಂಗಳಾಯಿತು. ಬೇರೆಯವರಿಗೆ ಮಾರೋಣ ಎಂದರೆ ಪ್ರಮಾಣಪತ್ರ ಇದ್ದದ್ದು ಕಂಪೆನಿಯ ಹೆಸರಿನಲ್ಲಿ! ಅದಿಲ್ಲದೆ ಅದೇ ಭತ್ತ ಮಂಡಿಯಲ್ಲಿ ಸಾಧಾರಣ ಭತ್ತದ ಬೆಲೆಗೆ ಹೋಯಿತು. "ಮೇಡಂ, ಗದ್ದೆ ನನ್ನದು, ಬೀಜ ನಮ್ಮಪ್ಪನದು, ಕಾಗದ ಮಾತ್ರ ಅವರದು" ಎಂದರು ಅವರು.

ಸಾವಯವ ಪ್ರಮಾಣಪತ್ರವೆಂದರೆ ಸುಲಭದ ಮಾತಲ್ಲ. ನಮ್ಮ ದೇಶದ ನಿಯಮದಂತೆ ಭತ್ತ, ರಾಗಿಯಂಥ ಬೆಳೆಗೆ ಕನಿಷ್ಠ ಎರಡು ವರ್ಷ ರಾಸಾಯನಿಕ ಬಿಟ್ಟು ಕಾಯಬೇಕು. ಆ ಅವಧಿಯಲ್ಲಿ ಇಳುವರಿ ತಗ್ಗುವುದುಂಟು, ಸಾವಯವದ ಬೆಲೆಯಂತೂ ಸಿಗುವುದಿಲ್ಲ. ಒಬ್ಬೊಬ್ಬ ಸಣ್ಣ ರೈತನಿಗೆ ತಪಾಸಣೆಯ ಖರ್ಚು ಹೊರೆ, ಆದ್ದರಿಂದ ಗುಂಪಿನ ವ್ಯವಸ್ಥೆ. ಗುಂಪಿನ ಕಾಗದಪತ್ರ ನೋಡಿಕೊಳ್ಳುವ ನೆಪದಲ್ಲಿ ಕಂಪೆನಿಯೋ ಮಧ್ಯವರ್ತಿಯೋ ಯಜಮಾನನಾಗುವುದು ಇಲ್ಲಿಯೇ. 2025ರ ಜನವರಿಯಲ್ಲಿ ಹೊರಬಂದ ಪರಿಷ್ಕೃತ ನಿಯಮಾವಳಿಯಲ್ಲಿ ರೈತರ ಗುಂಪಿಗೇ ಕಾನೂನಿನ ಸ್ಥಾನಮಾನ ನೀಡುವ ಅಂಶ ಸೇರಿದೆ. ತಡವಾಗಿ ಬಂದರೂ ಬೇಕಾಗಿದ್ದ ಬದಲಾವಣೆ ಇದು.

ನನಗೆ ಆಶ್ಚರ್ಯವಾಗುವುದು ಒಂದು ವಿಷಯ. ಮದರಸದಲ್ಲಿ ಫಿಕ್ಹ್ ಓದುವಾಗ ನಾವು 'ಸಲಮ್' ಎಂಬ ಅಧ್ಯಾಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆವು. ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನ ಮುಂದಿನ ವರ್ಷದ ಖರ್ಜೂರಕ್ಕೆ ಈಗಲೇ ಹಣ ಕೊಡುತ್ತಿದ್ದರು. ಅದನ್ನು ಅವರು ನಿಲ್ಲಿಸಲಿಲ್ಲ. ಅಳತೆ, ತೂಕ, ಅವಧಿ ಎಲ್ಲವೂ ನಿಶ್ಚಿತವಾಗಿರಲಿ ಎಂದು ಷರತ್ತು ಹಾಕಿದರು. ಬೆಲೆಯ ಹಣ ಒಪ್ಪಂದದ ಹೊತ್ತಿನಲ್ಲೇ ರೈತನ ಕೈ ಸೇರಬೇಕೆಂದು ಹೆಚ್ಚಿನ ಫಿಕ್ಹ್ ವಿದ್ವಾಂಸರು ಹೇಳಿದರು. ಇಂಥದೇ ತೋಟದ ಇಂಥದೇ ಮರದ ಫಸಲು ಎಂದು ಕಟ್ಟಿಹಾಕಬಾರದು, ಆ ಮರ ಫಲ ಬಿಡದೆ ಹೋದರೆ ಗತಿಯೇನು ಎಂದೂ ಯೋಚಿಸಿದರು. ಬಿತ್ತನೆಯ ಕಾಲದಲ್ಲಿ ರೈತನಿಗೆ ಹಣ ಬೇಕು ಎಂಬ ಸರಳ ಸತ್ಯ ಅದರಲ್ಲಿದೆ. ಇಂದಿನ ಒಪ್ಪಂದಗಳಲ್ಲಿ ಇದು ತಲೆಕೆಳಗು. ರೈತ ಮೊದಲು ಬೆಳೆದು ಕೊಡಬೇಕು, ಹಣ ತಿಂಗಳುಗಟ್ಟಲೆ ಕಾಯಬೇಕು. ಅಂದರೆ ಬಡವನೇ ಕಂಪೆನಿಗೆ ಸಾಲ ಕೊಟ್ಟಂತೆ!

ಕಂಪೆನಿಗಳೆಲ್ಲ ಕೆಟ್ಟವು ಎಂದು ನಾನು ಹೇಳುತ್ತಿಲ್ಲ. ಸಿರಿಧಾನ್ಯದ ಹೊಟ್ಟು ತೆಗೆಯಲು ಯಂತ್ರ ಬೇಕು, ಪ್ಯಾಕೆಟ್ ಮಾಡಬೇಕು, ಅಂಗಡಿಗೆ ತಲುಪಿಸಬೇಕು. ಆದರೆ ರೈತರೇ ಪಾಲುದಾರರಾಗಿರುವ ಕಡೆ ಲೆಕ್ಕ ಬೇರೆಯಾಗಿದೆ. ನಮ್ಮ ಗಡಿಯಾಚೆ ಆಂಧ್ರದ ಚೆನ್ನೇಕೊತ್ತಪಲ್ಲಿಯ ಬರದ ನೆಲದಲ್ಲಿ ಟಿಂಬಕ್ಟು ಕಲೆಕ್ಟಿವ್‌ನ ಬೆಂಬಲದಿಂದ ಎದ್ದ 'ಧರಣಿ' ಸಹಕಾರ ಸಂಘದಲ್ಲಿ ಸಿರಿಧಾನ್ಯ ಬೆಳೆಯುವವರೇ ಸದಸ್ಯರು. ಧಾನ್ಯ ಹಸನು ಮಾಡಿ ಮಾರುವುದೂ ಅವರದೇ ಸಂಘ. ಬೆಂಗಳೂರಿನ ಸಹಜ ಸಮೃದ್ಧದವರು ಕಟ್ಟಿದ ಉತ್ಪಾದಕರ ಕಂಪೆನಿಯಲ್ಲೂ ಷೇರುದಾರರು ರೈತರೇ. ಮಳವಳ್ಳಿ ತಾಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್ ಸಾವಿರದಷ್ಟು ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಕಾಪಾಡಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಬೀಜ ರೈತನ ಕೈಯಲ್ಲಿದ್ದರೆ ವ್ಯಾಪಾರಿಯ ಮುಂದೆ ಅವನು ತಲೆಯೆತ್ತಿ ಮಾತಾಡಬಲ್ಲ.

ಇದರಲ್ಲಿ ಮನೆಯೊಳಗಿರುವ ನಮ್ಮದೇನು ಎಂದು ಕೇಳುತ್ತೀರಾ? ತಿಂಗಳ ಸಾಮಾನಿನ ಚೀಟಿ ಬರೆಯುವವರು ನೀವು. ಮುಂದಿನ ಸಲ ಸಾವಯವ ಪ್ಯಾಕೆಟ್ ಕೈಗೆತ್ತಿಕೊಂಡಾಗ ಹಿಂಬದಿ ತಿರುಗಿಸಿ ನೋಡಿ. ಹಸಿರು ಮುದ್ರೆಯ ಜೊತೆಗೆ ಬೆಳೆದ ಊರಿನ, ರೈತ ಸಂಘದ ಹೆಸರು ಇದೆಯೇ? ಇಲ್ಲದಿದ್ದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಿ, ಈ ಅಕ್ಕಿ ಯಾರು ಬೆಳೆದದ್ದು, ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ, ಹಣ ಎಷ್ಟು ದಿನಕ್ಕೆ ಕೊಡುತ್ತೀರಿ ಎಂದು ಕೇಳಿ. ನಾನು ಕೇಳಿದ್ದೇನೆ. ಒಂದು ಕಡೆ ಫೋನ್ ಇಟ್ಟರು, ಇನ್ನೊಂದು ಕಡೆ ಊರಿನ ಹೆಸರು ಹೇಳಿ, ಬನ್ನಿ ನೋಡಿ ಎಂದರು.

ಆ ವಿದ್ಯಾರ್ಥಿನಿಯ ತಂದೆ ಈಗ ಅಕ್ಕಪಕ್ಕದ ಹನ್ನೊಂದು ಮಂದಿಯೊಂದಿಗೆ ತಮ್ಮದೇ ಗುಂಪು ಮಾಡಿಕೊಂಡು, ಮತ್ತೆ ಮೊದಲಿನಿಂದ ಪ್ರಮಾಣಪತ್ರಕ್ಕೆ ಕಾಯುತ್ತಿದ್ದಾರೆ. ಕಳೆದ ತಿಂಗಳು ಹುಡುಗಿ ಐದು ಕೆ.ಜಿ. ರಾಜಮುಡಿ ತಂದುಕೊಟ್ಟಳು. ಹಣ ಕೊಡಲು ಹೋದರೆ, "ಅಬ್ಬ ಮುಂದಿನ ಸುಗ್ಗಿಯದ್ದಕ್ಕೂ ಈಗಲೇ ಕೊಡಬಹುದಾ ಅಂತ ಕೇಳಿದಾರೆ ಮೇಡಂ, ಬಿತ್ತನೆಗೆ ಬೇಕಂತೆ" ಎಂದಳು. ಕೊಟ್ಟೆ. ಎಷ್ಟು ಕೆ.ಜಿ., ಯಾವ ತಿಂಗಳು, ಎಷ್ಟು ಬೆಲೆ ಎಂದು ಅವಳ ನೋಟ್ ಪುಸ್ತಕದಲ್ಲೇ ಬರೆದು ಇಬ್ಬರೂ ಸಹಿ ಹಾಕಿದೆವು.