ಮಹಾಗಣಕದ ಒಳಬೀದಿಗಳ ನಕ್ಷೆ

ದ್ವಾರದಿಂದ ದ್ವಾರಕ್ಕೆ ಹೋಗಿ ವಿಚಾರಿಸುವ ಒಂದು ಆಜ್ಞೆಯ ವೃತ್ತಾಂತ

ಊರಿನ ನಕ್ಷೆಯನ್ನು ಪಡೆಯುವ ಬಗೆಗಳು ಎರಡು. ನಗರಸಭೆಯ ಕಚೇರಿಗೆ ಹೋಗಿ, ಅಲ್ಲಿ ಎಂದೋ ಬರೆದು ಸುರುಳಿ ಸುತ್ತಿಟ್ಟ ಕಾಗದವನ್ನು ಬಿಚ್ಚಿ ನೋಡುವುದು ಒಂದು ಬಗೆ. ಬೀದಿಬೀದಿಯನ್ನು ನಡೆದು, ಮನೆಮನೆಯ ಬಾಗಿಲಲ್ಲಿ ನಿಂತು, "ಇಲ್ಲಿ ಇರುವವರು ಯಾರು? ನಿಮ್ಮ ಆಚೆಯ ಮನೆ ಯಾರದು?" ಎಂದು ವಿಚಾರಿಸಿ ಬರೆದುಕೊಳ್ಳುವುದು ಇನ್ನೊಂದು ಬಗೆ. ಮೊದಲನೆಯದರಲ್ಲಿ ಶ್ರಮವಿಲ್ಲ, ಆದರೆ ಆ ಕಾಗದವು ಹೇಳುವುದು ಊರು ಹೇಗಿರಬೇಕಾಗಿತ್ತು ಎಂಬುದನ್ನು ಮಾತ್ರ. ಊರು ಇಂದು ಹೇಗಿದೆ ಎಂಬುದು ಎರಡನೆಯ ಬಗೆಯಿಂದಲ್ಲದೆ ತಿಳಿಯದು. ಊರಿನಿಂದ ಹೊಸತಾಗಿ ಮುಂಬಯಿಗೆ ಬಂದು, ಕಚೇರಿಗಳಿಗೆ ಚಹ ಒಯ್ಯುವ ಕೆಲಸಕ್ಕೆ ನಿಂತ ಹುಡುಗನಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕು ದಿನ ಮೆಟ್ಟಿಲು ಹತ್ತಿಳಿದ ಮೇಲೆ, ಯಾವ ಬಾಗಿಲಿನ ಆಚೆ ಯಾವ ಓಣಿಯಿದೆ ಎಂಬುದು ಕಟ್ಟಡದ ಯಜಮಾನನಿಗಿಂತ ಆತನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇಂದಿನ ಮಹಾಗಣಕಯಂತ್ರಗಳ ಒಳಜಾಲವನ್ನು ಅರಿಯುವುದಕ್ಕೂ ತಜ್ಞರು ನೆಚ್ಚಿಕೊಂಡಿರುವುದು ಈ ಎರಡನೆಯ ಬಗೆಯನ್ನೇ. ಅದಕ್ಕೆಂದು ಇರುವ ಸಾಧನವು ಚಿತ್ರಗಳಿಂದ ಅಲಂಕೃತವಾದುದಲ್ಲ. ಪರದೆಯ ಮೇಲೆ ಬೆರಳಚ್ಚಿನಿಂದ ಒಂದೇ ಸಾಲಿನಲ್ಲಿ ಬರೆದು ಕೊಡುವ ಒಂದು ಆಜ್ಞೆ. ಅದರ ಹೆಸರು 'ಐಬಿನೆಟ್‌ಡಿಸ್ಕವರ್'. ಅದರ ಕಾರ್ಯಕ್ರಮವು ಸಾಮಾನ್ಯ ವಾಚಕನ ಗ್ರಹಿಕೆಗೆ ನಿಲುಕದ್ದೇನೂ ಅಲ್ಲವಾದುದರಿಂದ ಇಲ್ಲಿ ಅದನ್ನು ವಿವರಿಸಲು ಯತ್ನಿಸಿದೆ.

ಒಂದು ಯಂತ್ರವಲ್ಲ, ನೂರಾರು ಯಂತ್ರಗಳು

ಮಹಾಗಣಕ ಎಂದೊಡನೆ ಒಂದು ಬೃಹದಾಕಾರದ ಯಂತ್ರವನ್ನು ಕಲ್ಪಿಸಿಕೊಳ್ಳುವುದು ಸಹಜ. ವಸ್ತುತಃ ಅದು ನೂರಾರು, ಕೆಲವೆಡೆ ಸಾವಿರಾರು ಗಣಕಗಳ ಒಂದು ಅವಿಭಕ್ತ ಕುಟುಂಬ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿತವಾದ 'ಪರಮ್ ಪ್ರವೇಗ'ದಲ್ಲಿ ಲೆಕ್ಕ ಮಾಡುವ ಗಣಕಗಳೇ ಆರುನೂರಕ್ಕೂ ಮಿಕ್ಕಿವೆ. ಅವೆಲ್ಲ ಕೂಡಿ ಸೆಕೆಂಡಿಗೆ 3.3 ಪೆಟಾಫ್ಲಾಪ್‌ನಷ್ಟು ಗಣಿತವನ್ನು ಮಾಡಬಲ್ಲವು. ಒಂದರ ಮುಂದೆ ಹದಿನೈದು ಸೊನ್ನೆಗಳನ್ನು ಇರಿಸಿದರೆ ಬರುವ ಸಂಖ್ಯೆಯಷ್ಟು ಲೆಕ್ಕಗಳಿಗೆ ಒಂದು ಪೆಟಾಫ್ಲಾಪ್ ಎಂದು ಹೆಸರು. ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯಲ್ಲಿ 2024ರ ಸೆಪ್ಟೆಂಬರಿನಲ್ಲಿ ಲೋಕಾರ್ಪಣೆಯಾದ 'ಅರ್ಕ'ದ ಸಾಮರ್ಥ್ಯ 11.77 ಪೆಟಾಫ್ಲಾಪ್. ಮಳೆಗಾಳಿಗಳ ಮುನ್ಸೂಚನೆಯ ಲೆಕ್ಕಾಚಾರಕ್ಕೆಂದೇ ಅದನ್ನು ನಿಲ್ಲಿಸಲಾಗಿದೆ.

ಮಳೆಯ ಲೆಕ್ಕವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ವಾಯುಮಂಡಲವನ್ನು ಸಣ್ಣ ಸಣ್ಣ ಚೌಕಗಳಾಗಿ ವಿಭಾಗಿಸಿ, ಒಂದೊಂದು ಗಣಕಕ್ಕೆ ಒಂದೊಂದು ಪಾಲನ್ನು ಹಂಚುತ್ತಾರೆ. ಅರಬ್ಬೀ ಸಮುದ್ರದ ಮೇಲಿನ ಗಾಳಿಯ ಲೆಕ್ಕವು ಒಂದರ ಪಾಲಿಗೆ ಬಂದರೆ ಕೊಂಕಣ ತೀರದ್ದು ಅದರ ನೆರೆಯದಕ್ಕೆ ಬರುತ್ತದೆ. ಆದರೆ ಗಾಳಿಗೆ ಚೌಕಗಳ ಎಲ್ಲೆಯಿಲ್ಲ. ಆದಕಾರಣ ಪ್ರತಿಯೊಂದು ಹೆಜ್ಜೆಯ ಕೊನೆಗೂ ಗಣಕಗಳು ತಮ್ಮ ತಮ್ಮ ಅಂಕಿಗಳನ್ನು ನೆರೆಯವರಿಗೆ ತಿಳಿಸಲೇಬೇಕು. ನೆರೆಯವರ ಅಂಕಿ ಬಾರದೆ ಮುಂದಿನ ಹೆಜ್ಜೆಯಿಲ್ಲ. ಪಂಕ್ತಿಯ ಊಟದಲ್ಲಿ ಕೊನೆಯವನ ಕೈ ಎಲೆಯ ಮೇಲಿರುವ ತನಕ ಉಳಿದವರು ಏಳುವಂತಿಲ್ಲವಷ್ಟೆ, ಅಲ್ಲಿಯೂ ಹಾಗೆಯೇ. ಒಂದು ತಂತಿಯ ನಿಧಾನವು ಆರುನೂರು ಯಂತ್ರಗಳ ನಿಧಾನವಾಗಿ ಪರಿಣಮಿಸುತ್ತದೆ. ಚಂಡಮಾರುತದ ಮುನ್ಸೂಚನೆಯು ಚಂಡಮಾರುತವು ದಡ ಮುಟ್ಟಿದ ಮೇಲೆ ಸಿದ್ಧವಾದರೆ ದೋಣಿ ನೀರಿಗಿಳಿಸಿದವನಿಗೆ ಅದರಿಂದ ಏನು ಪ್ರಯೋಜನ?

ಇನ್ಫಿನಿಬ್ಯಾಂಡ್ ಎಂಬ ರಾಜಮಾರ್ಗ

ಗಣಕಗಳ ಈ ಪರಸ್ಪರ ಸಂಭಾಷಣೆಗೆ ಸಾಮಾನ್ಯ ತಂತಿಗಳು ಸಾಲವೆಂದು ಕಂಡಾಗ ಹುಟ್ಟಿದ ಜಾಲಗಳಲ್ಲಿ ಮುಖ್ಯವಾದುದು ಇನ್ಫಿನಿಬ್ಯಾಂಡ್. ಪರಸ್ಪರ ಪೈಪೋಟಿ ನಡೆಸುತ್ತಿದ್ದ ಎರಡು ತಯಾರಕರ ಗುಂಪುಗಳು 1999ರಲ್ಲಿ ಒಂದುಗೂಡಿದುವು. ಜಾಲದ ಮೊದಲ ನಿಯಮಾವಳಿಯು 2000ದಲ್ಲಿ ಪ್ರಕಟವಾಯಿತು. 2003ರಲ್ಲಿ ಅಮೆರಿಕದ ವರ್ಜೀನಿಯ ಟೆಕ್ ವಿಶ್ವವಿದ್ಯಾಲಯದವರು 1,100 ಆಪಲ್ ಗಣಕಗಳನ್ನು ಈ ಜಾಲದಿಂದ ಹೆಣೆದು, ಆ ವರ್ಷದ ಜಗತ್ತಿನ ಮಹಾಗಣಕಗಳ ಪಟ್ಟಿಯಲ್ಲಿ ಮೂರನೆಯ ಸ್ಥಾನವನ್ನು ಗಳಿಸಿದಾಗ ಇದರ ಕೀರ್ತಿ ಹಬ್ಬಿತು. ಮೇಲೆ ಹೇಳಿದ ಬೆಂಗಳೂರಿನ ಮತ್ತು ಪುಣೆಯ ಯಂತ್ರಗಳೆರಡರಲ್ಲಿಯೂ ಇರುವುದು ಇದೇ ಜಾಲ.

ಈ ಜಾಲದ ಸಾಮಾನ್ಯ ಕೇಬಲಿನಲ್ಲಿ ಹೋಗಲು ನಾಲ್ಕು, ಬರಲು ನಾಲ್ಕು ಎಳೆಗಳಿರುತ್ತವೆ. ಆರಂಭದಲ್ಲಿ ಒಂದು ಎಳೆಯಲ್ಲಿ ಸೆಕೆಂಡಿಗೆ 2.5 ಶತಕೋಟಿ ಬಿಟ್ಟುಗಳು, ಅಂದರೆ ನಾಲ್ಕೆಳೆಗಳಲ್ಲಿ 10 ಶತಕೋಟಿ ಬಿಟ್ಟುಗಳು ಹರಿಯುತ್ತಿದ್ದುವು. ಎಚ್‌ಡಿಆರ್ ಎಂಬ ತಲೆಮಾರಿನಲ್ಲಿ ಇದು 200 ಶತಕೋಟಿಗೂ, ಅದರ ಮುಂದಿನ ಎನ್‌ಡಿಆರ್ ತಲೆಮಾರಿನಲ್ಲಿ 400 ಶತಕೋಟಿಗೂ ಏರಿತು.

ಕೇಬಲುಗಳು ಕೂಡುವ ಜಂಕ್ಷನ್ನಿಗೆ ಸ್ವಿಚ್ಚು ಎಂದು ಹೆಸರು. ಎಚ್‌ಡಿಆರ್ ತಲೆಮಾರಿನ ಒಂದು ಸ್ವಿಚ್ಚಿಗೆ 40 ದ್ವಾರಗಳಿರುತ್ತವೆನ್ನೋಣ. ಕೆಳಸಾಲಿನಲ್ಲಿ 40 ಸ್ವಿಚ್ಚುಗಳನ್ನು ನಿಲ್ಲಿಸಿ, ಪ್ರತಿಯೊಂದರ 20 ದ್ವಾರಗಳನ್ನು ಗಣಕಗಳಿಗೂ ಉಳಿದ 20ನ್ನು ಮೇಲ್ಸಾಲಿನ 20 ಸ್ವಿಚ್ಚುಗಳಿಗೂ ಜೋಡಿಸಿದರೆ 800 ಗಣಕಗಳ ಜಾಲವು ಸಿದ್ಧವಾಗುತ್ತದೆ. ಕೆಳಗೆ 800 ಕೇಬಲು, ಮೇಲೆ 800 ಕೇಬಲು, ಒಟ್ಟು 1,600. ಬುಡದತ್ತ ಹೋದಂತೆ ಕಾಂಡವು ಕೊಂಬೆಗಳಿಗಿಂತ ದಪ್ಪವಾಗಿರುವಂತೆ, ಇಲ್ಲಿ ಗಣಕಗಳಿಂದ ಮೇಲಕ್ಕೆ ಹೋದಂತೆ ದಾರಿಯು ಕಿರಿದಾಗದಿರುವುದರಿಂದ ಇದಕ್ಕೆ 'ದಪ್ಪ ಮರ'ದ ರಚನೆ ಎಂದು ಹೆಸರಾಗಿದೆ. ಚಾರ್ಲ್ಸ್ ಲೈಸರ್‌ಸನ್ ಎಂಬ ಅಮೆರಿಕದ ವಿದ್ವಾಂಸರು 1985ರಲ್ಲಿ ಇದನ್ನು ಪ್ರತಿಪಾದಿಸಿದರು.

1,600 ಕೇಬಲುಗಳೆಂದರೆ 3,200 ತುದಿಗಳು. ಅವನ್ನು ಸಿಕ್ಕಿಸುವವರು ಮನುಷ್ಯರು. ರಾತ್ರಿಯ ಪಾಳಿಯಲ್ಲಿ, ತಣ್ಣನೆಯ ಗಾಳಿ ಭೋರಿಡುವ ಕೋಣೆಯಲ್ಲಿ, ಒಂದೇ ಬಣ್ಣದ ಕೇಬಲುಗಳ ನಡುವೆ ಬಗ್ಗಿ ನಿಂತು ದುಡಿಯುವವರು. ಅವರ ಕೈಯಿಂದ ಒಂದೆರಡು ತುದಿಗಳು ಬೇರೆ ದ್ವಾರಕ್ಕೆ ಹೋದರೆ ಆಶ್ಚರ್ಯಪಡಬೇಕಾದುದಿಲ್ಲ. ಅದನ್ನು ಕಂಡುಹಿಡಿಯುವ ಬಗೆ ಹೇಗೆ?

ಆಜ್ಞೆಯ ಸಂಚಾರ

ಜಾಲಕ್ಕೆ ಸೇರಿದ ಯಾವುದಾದರೂ ಒಂದು ಗಣಕದ ಮುಂದೆ ಕುಳಿತು ಮೇಲ್ವಿಚಾರಕನು 'ಐಬಿನೆಟ್‌ಡಿಸ್ಕವರ್' ಎಂದು ಬರೆದು ಕೀಲಿಯನ್ನು ಒತ್ತುತ್ತಾನೆ. ಸಾಮಾನ್ಯ ಬಳಕೆದಾರನಿಗೆ ಈ ಅಧಿಕಾರವಿರುವುದಿಲ್ಲ.

ಆಜ್ಞೆಯು ಮೊದಲು ವಿಚಾರಿಸುವುದು ತಾನು ಹೊರಟ ಗಣಕವನ್ನೇ: ನೀನು ಯಾರು, ನಿನಗೆ ದ್ವಾರಗಳೆಷ್ಟು, ಯಾವ ದ್ವಾರದ ಆಚೆ ಸಂಪರ್ಕವಿದೆ? ಉತ್ತರ ಬಂದೊಡನೆ 256 ಬೈಟುಗಳ ಒಂದು ಪುಟ್ಟ ಪತ್ರವನ್ನು ಸಿದ್ಧಪಡಿಸಿ ಹೊರಗೆ ಕಳುಹಿಸುತ್ತದೆ. ಈ ಪತ್ರದ ವಿಶೇಷವೇನೆಂದರೆ ಇದರ ಮೇಲೆ ವಿಳಾಸವೇ ಇರುವುದಿಲ್ಲ. ಯಾರಿರುವರೆಂದೇ ತಿಳಿಯದ ಕಡೆಗೆ ವಿಳಾಸ ಬರೆಯುವುದಾದರೂ ಹೇಗೆ? ವಿಳಾಸದ ಬದಲು ದಾರಿಯನ್ನೇ ಬರೆದಿರುತ್ತದೆ: "ಒಂದನೆಯ ದ್ವಾರದಿಂದ ಹೊರಡು" ಎಂದು. ಪತ್ರವು ಮೊದಲ ಸ್ವಿಚ್ಚನ್ನು ಮುಟ್ಟುತ್ತದೆ. "ನಾನು ಸ್ವಿಚ್ಚು, ನನಗೆ 40 ದ್ವಾರಗಳಿವೆ, ನನ್ನ ಗುರುತಿನ ಸಂಖ್ಯೆ ಇಂಥದು" ಎಂದು ಅದು ಉತ್ತರಿಸುತ್ತದೆ. ಯಾವ ದ್ವಾರಗಳಲ್ಲಿ ಸಂಪರ್ಕವಿದೆ, ಯಾವುವು ಮುಚ್ಚಿವೆ ಎಂಬುದನ್ನೂ ಕೇಳಿದಾಗ ತಿಳಿಸುತ್ತದೆ. ಬಳಿಕ ತೆರೆದ ಒಂದೊಂದು ದ್ವಾರಕ್ಕೂ ಹೊಸ ಪತ್ರ: "ಒಂದನೆಯ ದ್ವಾರದಿಂದ ಹೊರಡು, ಅಲ್ಲಿ ಐದನೆಯ ದ್ವಾರದಿಂದ ಆಚೆಗೆ ಹೋಗು." ಹೀಗೆ ಹೆಜ್ಜೆಹೆಜ್ಜೆಯಾಗಿ ಶೋಧವು ವಿಸ್ತರಿಸುತ್ತದೆ. ಹೋಗುತ್ತಾ ಹೋಗುತ್ತಾ, ತಾನು ಯಾವ ದ್ವಾರದಿಂದ ಒಳಬಂದೆನೆಂಬುದು ಪತ್ರದಲ್ಲಿಯೇ ದಾಖಲಾಗುತ್ತಿರುವುದರಿಂದ ಉತ್ತರವು ದಾರಿತಪ್ಪದೆ ಹಿಂದಿರುಗುತ್ತದೆ.

ಇಲ್ಲಿ ಒಂದು ಸಂಶಯಕ್ಕೆ ಎಡೆಯುಂಟು. ಒಂದೇ ಸ್ವಿಚ್ಚಿಗೆ ಹತ್ತು ದಾರಿಗಳಿದ್ದರೆ ಶೋಧವು ಅದನ್ನು ಹತ್ತು ಸ್ವಿಚ್ಚುಗಳೆಂದು ಎಣಿಸುವುದಿಲ್ಲವೇ? ಇಲ್ಲ. ಪ್ರತಿಯೊಂದು ಉಪಕರಣಕ್ಕೂ ತಯಾರಾಗುವಾಗಲೇ 16 ಅಂಕಾಕ್ಷರಗಳ ಒಂದು ಗುರುತಿನ ಸಂಖ್ಯೆಯನ್ನು ಕೊಟ್ಟಿರುತ್ತಾರೆ. ಆ ಸಂಖ್ಯೆಯು ಇನ್ನೊಂದಕ್ಕೆ ಇರದು. ಹಿಂದೆ ಕಂಡ ಸಂಖ್ಯೆ ಮತ್ತೆ ಕಂಡರೆ, ಇದು ಹೊಸ ಮನೆಯಲ್ಲ, ಹಳೆಯ ಮನೆಯ ಹಿತ್ತಿಲ ಬಾಗಿಲು ಎಂದು ತಿಳಿದು, ದಾರಿಯನ್ನು ಮಾತ್ರ ಗುರುತಿಸಿಕೊಂಡು ಆಜ್ಞೆಯು ಮುಂದುವರಿಯುತ್ತದೆ. ಕೇಬಲಿನ ತುದಿಯಲ್ಲಿ ಗಣಕವು ಸಿಕ್ಕಿದರೆ ಆ ದಾರಿ ಅಲ್ಲಿಗೆ ಮುಗಿಯಿತು. ಗಣಕವು ಪತ್ರವನ್ನು ಆಚೆಗೆ ದಾಟಿಸುವುದಿಲ್ಲ.

ಸದ್ದಿಲ್ಲದ ದೋಷಗಳು

ಸಂಚಾರ ಮುಗಿದ ಮೇಲೆ ಪರದೆಯ ಮೇಲೆ ಮೂಡುವುದು ಗುಮಾಸ್ತರ ಕಣ್ಣಿಗೆ ಪರಿಚಿತವಾದ ಒಂದು ಖಾತೆಪುಸ್ತಕದಂಥ ಪಟ್ಟಿ. ಒಂದೊಂದು ಸ್ವಿಚ್ಚಿನ ಹೆಸರಿನ ಕೆಳಗೆ ಅದರ ದ್ವಾರಗಳ ಸಾಲು. ಪ್ರತಿಯೊಂದು ಸಾಲಿನಲ್ಲಿಯೂ ಆಚೆ ತುದಿಯಲ್ಲಿ ಇರುವವರಾರು, ಅವರ ಎಷ್ಟನೆಯ ದ್ವಾರ, ಜಾಲದ ಆಡಳಿತವು ಅವರಿಗೆ ಕೊಟ್ಟ ಕಿರುವಿಳಾಸವೇನು, ಕೊನೆಯಲ್ಲಿ ಆ ಕೇಬಲಿನಲ್ಲಿ ದುಡಿಯುತ್ತಿರುವ ಎಳೆಗಳೆಷ್ಟು, ಅವುಗಳ ವೇಗವೆಷ್ಟು ಎಂಬ ವಿವರಗಳು.

ಈ ಕೊನೆಯ ಕಲಮಿನಲ್ಲಿಯೇ ಅನೇಕ ರಹಸ್ಯಗಳು ಬಯಲಾಗುವುದು. ತುಂಡಾದ ಕೇಬಲು ಕೂಡಲೇ ಪತ್ತೆಯಾಗುತ್ತದೆ. ದೀಪ ಆರುತ್ತದೆ, ಕೂಗು ಏಳುತ್ತದೆ. ಆದರೆ ನಾಲ್ಕು ಎಳೆಗಳಲ್ಲಿ ಒಂದು ಬಲಹೀನವಾದ ಕೇಬಲು ಕೆಲವೊಮ್ಮೆ ಒಂದೇ ಎಳೆಯಲ್ಲಿ ಸಂಪರ್ಕವನ್ನು ಸಾಧಿಸಿಕೊಂಡು ಸುಮ್ಮನಿದ್ದುಬಿಡುತ್ತದೆ. ದೀಪ ಉರಿಯುತ್ತಲೇ ಇರುತ್ತದೆ, ಪತ್ರಗಳು ಓಡಾಡುತ್ತಲೇ ಇರುತ್ತವೆ. ವೇಗ ಮಾತ್ರ ಕಾಲುಭಾಗ. 'ನಾಲ್ಕು' ಎಂದಿರಬೇಕಾದ ಕಡೆ 'ಒಂದು' ಎಂದಿರುವ ಆ ಸಾಲನ್ನು ಓದುವ ತನಕ ಗಣಿತವೇಕೆ ತಡವಾಗುತ್ತಿದೆ ಎಂಬುದು ಯಾರಿಗೂ ಅರ್ಥವಾಗುವುದಿಲ್ಲ.

ಕೇಬಲುಗಳ ಅದಲುಬದಲೂ ಇಂಥದೇ ದೋಷ. ಮೇಲಿನ ಲೆಕ್ಕದಂತೆ ಕೆಳಸಾಲಿನ ಏಳನೆಯ ಸ್ವಿಚ್ಚಿನಿಂದ ಮೇಲ್ಸಾಲಿನ ಪ್ರತಿಯೊಂದಕ್ಕೂ ಒಂದೊಂದು ಕೇಬಲು ಹೋಗಬೇಕು. ಕೈತಪ್ಪಿ ಮೂರನೆಯದಕ್ಕೆ ಎರಡು ಹೋಗಿ ನಾಲ್ಕನೆಯದಕ್ಕೆ ಒಂದೂ ಹೋಗದಿದ್ದರೆ ಯಾವ ದೀಪವೂ ಆರದು. ಒಂದು ಕಡೆ ನೂಕುನುಗ್ಗಲು, ಇನ್ನೊಂದು ಕಡೆ ಬರಿದು ಬೀದಿ. ಕಟ್ಟುವವರ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತದೆ. ದ್ವಾರದಿಂದ ದ್ವಾರಕ್ಕೆ ಹೋಗಿ ಬರೆದ ಪಟ್ಟಿಯಲ್ಲಿ ಮಾತ್ರ ನಿಜ ಕಾಣುತ್ತದೆ.

ಹಾಜರಿಯ ಪುಸ್ತಕ

ಆದರೂ ಈ ಸಾಧನಕ್ಕೆ ಅದರದೇ ಆದ ಮಿತಿಗಳುಂಟು. ಉತ್ತರ ಕೊಟ್ಟವರನ್ನು ಮಾತ್ರ ಇದು ಬರೆದುಕೊಳ್ಳುತ್ತದೆ. ವಿದ್ಯುತ್ತು ಇಲ್ಲದೆ ಮಲಗಿರುವ ಗಣಕವು ನಕ್ಷೆಯಲ್ಲಿ 'ಗೈರುಹಾಜರು' ಎಂದು ಕಾಣಿಸಿಕೊಳ್ಳುವುದಿಲ್ಲ, ಕಾಣಿಸಿಕೊಳ್ಳುವುದೇ ಇಲ್ಲ. ಹೆಸರುಗಳ ಪಟ್ಟಿಯಿಲ್ಲದೆ ಬರಿಯ 'ಹಾಜರು' ಎಂಬ ದನಿಗಳನ್ನು ಕೇಳುವ ಉಪಾಧ್ಯಾಯನಿಗೆ ಬಾರದ ಹುಡುಗ ಯಾರೆಂಬುದು ತಿಳಿಯುವುದುಂಟೇ? ಆದುದರಿಂದ, ಎಲ್ಲವೂ ನೆಟ್ಟಗಿದ್ದ ದಿನದ ನಕ್ಷೆಯನ್ನು 'ಕ್ಯಾಶ್' ಎಂಬ ಸೂಚನೆಯಿಂದ ಕಾದಿರಿಸಿಕೊಂಡು, ಬಳಿಕ 'ಡಿಫ್' ಎಂಬ ಸೂಚನೆಯಿಂದ ಇಂದಿನ ಸ್ಥಿತಿಯನ್ನು ಅದರೊಡನೆ ತಾಳೆ ನೋಡುತ್ತಾರೆ. ಆಗ ಬಂದವರಾರು, ಹೋದವರಾರು, ಸ್ಥಳ ಬದಲಿಸಿದವರಾರು ಎಂಬ ವ್ಯತ್ಯಾಸಗಳಷ್ಟೇ ಎದುರಿಗೆ ಬರುತ್ತವೆ.

ಎರಡನೆಯ ಮಿತಿ: ಉಪಕರಣವು ಯಾವ ಕೋಣೆಯ ಯಾವ ಕಪಾಟಿನಲ್ಲಿದೆ ಎಂಬುದನ್ನು ಗುರುತಿನ ಸಂಖ್ಯೆಯು ಹೇಳದು. ಯಾವ ಸಂಖ್ಯೆಯ ಸ್ವಿಚ್ಚು ಎಲ್ಲಿದೆಯೆಂಬ ಹೆಸರುಪಟ್ಟಿಯನ್ನು ಮನುಷ್ಯನೇ ಬರೆದು ಆಜ್ಞೆಗೆ ಒದಗಿಸಬೇಕು. ಆ ಪಟ್ಟಿಯನ್ನು ಅಸಡ್ಡೆಯಿಂದ ಬರೆದಿದ್ದರೆ, ದೋಷ ತಿಳಿದ ಮೇಲೂ ಯಾವ ಕೇಬಲನ್ನು ಕೀಳಬೇಕೆಂದು ತಿಳಿಯದೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಯಂತ್ರವೆಷ್ಟೇ ಚುರುಕಾದರೂ ಅಚ್ಚುಕಟ್ಟಾದ ದಫ್ತರಿನ ಅಗತ್ಯವು ತಪ್ಪಲಿಲ್ಲ ಎಂಬುದನ್ನು ನಮ್ಮ ಗುಮಾಸ್ತ ಬಂಧುಗಳು ಗಮನಿಸಬಹುದು.

ಕಲಿಯುವವರಿಗೆ ಒಂದು ಮಾತು

ಈ ಆಜ್ಞೆಗೆ ಬೆಲೆಯಿಲ್ಲ. ಅದು ಮುಕ್ತ ತಂತ್ರಾಂಶ. ಲಿನಕ್ಸ್ ವ್ಯವಸ್ಥೆಯುಳ್ಳ ಗಣಕದಲ್ಲಿ ಯಾರು ಬೇಕಾದರೂ ಪಡೆಯಬಹುದು. ಮಹಾಗಣಕವು ಎಲ್ಲರ ಕೈಗೆ ಸಿಗುವುದಿಲ್ಲವೆಂಬುದು ನಿಜ. ಆದರೆ 'ಐಬಿಸಿಮ್' ಎಂಬ ಇನ್ನೊಂದು ಉಚಿತ ಸಾಧನವು, ಐಬಿನೆಟ್‌ಡಿಸ್ಕವರ್ ಬರೆದ ಪಟ್ಟಿಯನ್ನೇ ಓದಿಕೊಂಡು, ಕೇಬಲು ಸ್ವಿಚ್ಚುಗಳಾವುವೂ ಇಲ್ಲದೆ ಇಡಿಯ ಜಾಲವನ್ನು ಒಂದು ಸಾಮಾನ್ಯ ಗಣಕದೊಳಗೆ ನಟಿಸಿ ತೋರಿಸಬಲ್ಲುದು. ಅದರ ಮೇಲೆ ಆಜ್ಞೆಗಳನ್ನು ಪ್ರಯೋಗಿಸಿ ಪಳಗಬಹುದು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತು ವಿದ್ಯೆ ಸಂಪಾದಿಸಿದವರ ಪರಂಪರೆ ಮುಂಬಯಿಯ ಕನ್ನಡಿಗರದು. ಅವರ ಮಕ್ಕಳು ಮೊಮ್ಮಕ್ಕಳಿಗೆ ಈ ವಿದ್ಯೆ ದೂರದ್ದೆಂದು ತೋರಬೇಕಾಗಿಲ್ಲ.

ವೇಗವನ್ನು ಹೆಚ್ಚಿಸಲು ಹೊಸ ಯಂತ್ರಗಳನ್ನು ಕೊಳ್ಳುವುದಕ್ಕೆ ಕೋಟಿಗಟ್ಟಲೆ ಹಣ ಬೇಕು. ಇರುವ ಯಂತ್ರವು ತನ್ನ ಪೂರ್ಣ ವೇಗದಲ್ಲಿ ದುಡಿಯುತ್ತಿದೆಯೇ ಎಂದು ಕೇಳಿ ನೋಡುವುದಕ್ಕೆ ಒಂದು ಸಾಲಿನ ಆಜ್ಞೆ ಸಾಕು. ಜೊತೆಗೆ, ಬಂದ ಉತ್ತರವನ್ನು ಸಾಲುಸಾಲಾಗಿ ಓದುವ ತಾಳ್ಮೆಯೂ ಬೇಕು. ಮುಂಗಾರಿನ ಮೋಡಗಳು ಕಡಲಿನ ಮೇಲೆ ಕವಿಯುವ ಹೊತ್ತಿಗೆ ಪುಣೆಯ ಯಂತ್ರವು ಸಕಾಲದಲ್ಲಿ ಎಚ್ಚರಿಕೆ ಕೊಡುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಂಥ ತಾಳ್ಮೆಯನ್ನೇ ಅವಲಂಬಿಸಿದೆ.