ನಾಣ್ಯವೂ ನಾಣ್ಯತನವೂ

ಕನ್ನಡದಲ್ಲಿ ‘ನಾಣ್ಯ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಟಂಕಸಾಲೆಯಲ್ಲಿ ಅಚ್ಚು ಹಾಕಿದ ಲೋಹದ ಬಿಲ್ಲೆ ಎಂಬುದು ಒಂದು. ಅಪ್ಪಟತನ, ನಂಬಿಕೆಗೆ ಅರ್ಹವಾದ ಗುಣ ಎಂಬುದು ಇನ್ನೊಂದು. ‘ನಾಣ್ಯವಾದ ಸರಕು’ ಎನ್ನುತ್ತೇವೆ. ಕೊಟ್ಟ ಮಾತಿಗೆ ತಪ್ಪದವನನ್ನು ‘ನಾಣ್ಯಸ್ಥ’ ಎಂದು ಕರೆಯುತ್ತೇವೆ. ಬಿಲ್ಲೆಗೂ ಗುಣಕ್ಕೂ ಒಂದೇ ಹೆಸರಿಟ್ಟ ನಮ್ಮ ಹಿರಿಯರಿಗೆ, ಒಂದಿಲ್ಲದೆ ಇನ್ನೊಂದು ನಿಲ್ಲಲಾರದೆಂಬುದು ಅನುಭವದಿಂದ ತಿಳಿದಿದ್ದಿರಬೇಕು. ಹಳೆಯ ನಾಣ್ಯಗಳು ಇಂದು ಅಂತರ್ಜಾಲದ ಹರಾಜುಗಳಲ್ಲಿ ಕೈಯಿಂದ ಕೈಗೆ ಸಾಗುತ್ತಿರುವಾಗ ಈ ಎರಡು ಅರ್ಥಗಳ ನಂಟು ಏನಾಗಿದೆ ಎಂಬುದನ್ನು ಸ್ವಲ್ಪ ವಿಚಾರಿಸೋಣ.

ಮೈಸೂರಿನವರಿಗೆ ಇದು ದೂರದ ವಿಷಯವೇನಲ್ಲ. ೧೬೩೮ರಿಂದ ೧೬೫೯ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ನರಸಿಂಹನ ಮೂರ್ತಿಯುಳ್ಳ ಚಿನ್ನದ ಪುಟ್ಟ ಹಣವನ್ನು ಹೊರಡಿಸಿದರು. ಅರ್ಧ ಗ್ರಾಮಿಗಿಂತಲೂ ಹಗುರವಾದ, ಬೆರಳ ತುದಿಯಲ್ಲಿ ಅಂಟಿಕೊಂಡು ನಿಲ್ಲಬಲ್ಲ ಈ ಕಂಠೀರಾಯ ಹಣ ಬಹುಕಾಲ ಚಲಾವಣೆಯಲ್ಲಿತ್ತು. ಹೈದರಾಲಿಯ ಚಿನ್ನದ ವರಹದಲ್ಲಿ ಒಂದು ಕಡೆ ಶಿವಪಾರ್ವತಿಯರು, ಇನ್ನೊಂದು ಕಡೆ ಅವನ ಹೆಸರಿನ ಪಾರಸಿ ಮೊದಲಕ್ಷರ. ಟಿಪ್ಪುವಿನ ತಾಮ್ರದ ನಾಣ್ಯಗಳಲ್ಲಿ ಆನೆ. ಪಟ್ಟಣ, ನಗರ ಮೊದಲಾದ ಟಂಕಸಾಲೆಗಳ ಹೆಸರು. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ ಬರಹ. ೧೮೩೩ರಲ್ಲಿ ಟಂಕಸಾಲೆ ಬೆಂಗಳೂರಿಗೆ ಹೋಯಿತು, ೧೮೪೩ರಲ್ಲಿ ಮುಚ್ಚಿತು. ಆದರೆ ಆ ನಾಣ್ಯಗಳು ನಮ್ಮ ಹಳೆಯ ಮನೆಗಳ ಸಂದೂಕಗಳಲ್ಲಿ, ದೇವರ ಪೆಟ್ಟಿಗೆಗಳಲ್ಲಿ ಉಳಿದುಕೊಂಡವು. ಈಗ ಹೊರಗೆ ಬರುತ್ತಿರುವುದು ಅವೇ.

ನಾಣ್ಯವನ್ನು ಪರೀಕ್ಷಿಸುವ ವಿದ್ಯೆ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಗೆ ಲಕ್ಷಣಾಧ್ಯಕ್ಷನೆಂಬ ಅಧಿಕಾರಿಯಿದ್ದರೆ, ನಾಣ್ಯಗಳನ್ನು ನೋಡಿ ನಿರ್ಣಯಿಸಲು ರೂಪದರ್ಶಕನೆಂಬ ಬೇರೊಬ್ಬನಿದ್ದಾನೆ. ಅಚ್ಚು ಹಾಕುವವನೇ ಪರೀಕ್ಷಕನಾಗಬಾರದೆಂಬ ವಿವೇಕ ಅಲ್ಲಿ ಕಾಣುತ್ತದೆ. ನಮ್ಮ ಪೇಟೆಗಳಲ್ಲಿ ಆ ಕೆಲಸವನ್ನು ಚಿನಿವಾರ ಮಾಡುತ್ತಿದ್ದ. ಅವನ ಬಳಿ ಒರೆಗಲ್ಲಿತ್ತು, ತಕ್ಕಡಿಯಿತ್ತು, ನಾಣ್ಯ ಕುಟ್ಟಿದಾಗ ಹೊರಡುವ ದನಿಯನ್ನು ಗುರುತಿಸುವ ಕಿವಿಯಿತ್ತು. ಆದರೆ ಚಿನಿವಾರ ಕೇಳುತ್ತಿದ್ದ ಪ್ರಶ್ನೆ ಒಂದೇ: ಲೋಹ ಎಷ್ಟು, ಎಷ್ಟು ಶುದ್ಧ? ಇಂದಿನ ಸಂಗ್ರಾಹಕ ಕೇಳುವ ಪ್ರಶ್ನೆ ಬೇರೆ. ನಾಣ್ಯ ಎಷ್ಟು ಅಪರೂಪ, ಎಷ್ಟು ಸವೆದಿದೆ ಎಂಬುದೇ ಅವನಿಗೆ ಮುಖ್ಯ. ಒಂದೇ ತೂಕದ, ಒಂದೇ ವರ್ಷದ ಎರಡು ರೂಪಾಯಿಗಳಲ್ಲಿ ಒಂದು ಬೆಳ್ಳಿಯ ಬೆಲೆಗೆ ಹೋದರೆ ಇನ್ನೊಂದು ಅದರ ಹಲವು ಪಟ್ಟು ಬೆಲೆಗೆ ಹೋಗಬಹುದು. ಈ ಅಂತರವನ್ನು ತಕ್ಕಡಿ ಹೇಳಲಾರದು. ಕಣ್ಣು ಹೇಳಬೇಕು, ಕಣ್ಣು ಕಂಡದ್ದನ್ನು ನಾಲಿಗೆ ಪ್ರಾಮಾಣಿಕವಾಗಿ ಹೇಳಬೇಕು.

ಈ ಹೇಳಿಕೆಗೊಂದು ಭಾಷೆಯನ್ನು ಇಂಗ್ಲಿಷ್ ನಾಡುಗಳ ಸಂಗ್ರಾಹಕರು ಕಟ್ಟಿಕೊಂಡಿದ್ದಾರೆ. ಅದು ವಿಚಿತ್ರವಾದ ಭಾಷೆ. ಅಲ್ಲಿ ‘ಗುಡ್’ ಎಂದರೆ ಬಹುಮಟ್ಟಿಗೆ ಸವೆದುಹೋದ ನಾಣ್ಯ. ‘ಫೈನ್’ ಎಂದರೆ ಸಾಕಷ್ಟು ಸವೆದದ್ದು. ‘ವೆರಿ ಫೈನ್’ ಕೂಡ ಕೈಯಿಂದ ಕೈಗೆ ಓಡಾಡಿ ಹೊಳಪು ಕಳೆದುಕೊಂಡದ್ದೇ. ಚಲಾವಣೆಗೆ ಹೋಗದೆ ಉಳಿದದ್ದು ಮಾತ್ರ ‘ಅನ್‌ಸರ್ಕ್ಯುಲೇಟೆಡ್’. ಈ ಮಾತುಗಳಿಗೆ ಅಂಕಿಗಳನ್ನು ಕೊಟ್ಟವನು ವಿಲಿಯಂ ಶೆಲ್ಡನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ. ತನ್ನ ನಾಡಿನ ಹಳೆಯ ತಾಮ್ರದ ಸೆಂಟುಗಳನ್ನು ಕುರಿತು ೧೯೪೯ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ೧ರಿಂದ ೭೦ರವರೆಗಿನ ಅಳತೆಗೋಲನ್ನು ಮುಂದಿಟ್ಟ. ಇಂದು ಜಗತ್ತಿನ ಹರಾಜುಗಳಲ್ಲಿ ನಡೆಯುವುದು ಬಹುಪಾಲು ಅದೇ ಅಳತೆ. ಆದರೆ ಶೆಲ್ಡನ್ ೧೯೭೭ರಲ್ಲಿ ತೀರಿಕೊಂಡ ಮೇಲೆ ಒಂದು ಸಂಗತಿ ಬಯಲಾಯಿತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಲ್ಲಿದ್ದ ಉತ್ತಮ ಸೆಂಟುಗಳನ್ನು ಅವನು ಎತ್ತಿಕೊಂಡು, ಅವುಗಳ ಜಾಗದಲ್ಲಿ ಅದೇ ಜಾತಿಯ ಕಳಪೆ ಸೆಂಟುಗಳನ್ನು ಇರಿಸಿದ್ದ. ಗುಣವನ್ನು ಅಳೆಯುವ ಕೋಲನ್ನು ಲೋಕಕ್ಕೆ ಕೊಟ್ಟವನಲ್ಲೇ ಗುಣ ಕೈಕೊಟ್ಟಿತ್ತು. ಅಳತೆಗೋಲು ಎಷ್ಟೇ ಸೂಕ್ಷ್ಮವಾಗಿರಲಿ, ಅದನ್ನು ಹಿಡಿದ ಕೈಯ ಬದಲಿಗೆ ಅದು ನಿಲ್ಲಲಾರದು.

ಇನ್ನೊಂದು ತೊಡಕುಂಟು. ಯಂತ್ರದಲ್ಲಿ ತಯಾರಾದ ನಾಣ್ಯಗಳಿಗೆ ಹುಟ್ಟಿದ ಈ ಅಳತೆ ಸುತ್ತಿಗೆಯ ಪೆಟ್ಟಿನಿಂದ ಹುಟ್ಟಿದ ನಮ್ಮ ನಾಣ್ಯಗಳಿಗೆ ಸಲೀಸಾಗಿ ಹೊಂದುವುದಿಲ್ಲ. ನಮ್ಮಲ್ಲಿ ಅಚ್ಚು ಅನೇಕ ವೇಳೆ ಬಿಲ್ಲೆಗಿಂತ ದೊಡ್ಡದು. ಹಾಗಾಗಿ ಬರಹದ ಅರ್ಧ ಬಿಲ್ಲೆಯ ಹೊರಗೇ ಉಳಿಯುತ್ತಿತ್ತು. ಟಿಪ್ಪುವಿನ ಆನೆಯ ಸೊಂಡಿಲು ಕಾಣದಿದ್ದರೆ ಅದು ಸವೆದದ್ದೋ, ಪೆಟ್ಟು ಓರೆಯಾಗಿ ಬಿದ್ದದ್ದೋ? ರೂಪಾಯಿಯ ಮೈಮೇಲಿನ ಸಣ್ಣ ಕಚ್ಚು ಕೆಟ್ಟ ಕೈಯ ಗಾಯವೋ, ಬೆಳ್ಳಿ ಶುದ್ಧವೆಂದು ಚಿನಿವಾರನೊಬ್ಬ ಒತ್ತಿದ ಮುದ್ರೆಯೋ? ಬಲ್ಲವನು ಇವೆರಡನ್ನೂ ಬೇರ್ಪಡಿಸಿ ಹೇಳುತ್ತಾನೆ. ಮಾರುವ ಆತುರದವನು ಸವೆತವನ್ನೆಲ್ಲ ‘ಅಚ್ಚಿನ ದೋಷ’ವೆಂದು, ಅಚ್ಚಿನ ದೋಷವನ್ನೆಲ್ಲ ‘ಅತ್ಯಪರೂಪದ ತಪ್ಪು ಮುದ್ರಣ’ವೆಂದು ಬರೆದುಬಿಡುತ್ತಾನೆ.

ಅಂತರ್ಜಾಲದ ಹರಾಜಿನಲ್ಲಿ ಕೊಳ್ಳುವವನ ಕೈಗೆ ನಾಣ್ಯ ಸಿಗುವುದು ಹಣ ತೆತ್ತ ಮೇಲೆ. ಅದಕ್ಕೆ ಮುಂಚೆ ಅವನಿಗಿರುವುದು ಒಂದೆರಡು ಛಾಯಾಚಿತ್ರ, ನಾಲ್ಕು ಸಾಲಿನ ವರ್ಣನೆ. ತೂಕವಿಲ್ಲ, ದನಿಯಿಲ್ಲ, ಸ್ಪರ್ಶವಿಲ್ಲ. ಆದುದರಿಂದ ಇಲ್ಲಿ ಸುಳ್ಳಿಗೆ ಹಲವು ಮೆಟ್ಟಿಲುಗಳಿವೆ. ಶುದ್ಧ ವಂಚನೆ ಮೊದಲನೆಯದು. ೧೯೩೯ರ ಆರನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿ ತೀರ ಅಪರೂಪ. ಹಾಗೆಂದೇ ೧೯೩೮ರ ರೂಪಾಯಿಯ ಕೊನೆಯ ಅಂಕಿಯನ್ನು ತಿದ್ದಿ ೧೯೩೯ ಮಾಡುವವರಿದ್ದಾರೆ. ರಾಮಪಟ್ಟಾಭಿಷೇಕದ ಚಿತ್ರ, ೧೬೧೬, ೧೭೧೭ ಎಂಬ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು ಇರುವ ‘ಅರ್ಧ ಅಣೆ’ಗಳನ್ನು ದೈವಶಕ್ತಿಯುಳ್ಳವೆಂದು ಲಕ್ಷಗಳಿಗೆ ಕೂಗುತ್ತಾರೆ. ಮದರಾಸಿನಲ್ಲಿ ಕಂಪನಿ ದೇವರ ರೂಪವುಳ್ಳ ವರಹಗಳನ್ನು ಅಚ್ಚು ಹಾಕಿಸಿದ್ದು ನಿಜ. ಆದರೆ ಇಂಥ ಅಣೆಗಳನ್ನು ಅದು ಎಂದೂ ಹೊರಡಿಸಲಿಲ್ಲ. ಟಿಪ್ಪುವಿನ ನಾಣ್ಯಗಳಲ್ಲೂ ನಕಲು ಬಹಳ. ಮೌಲೂದಿ ಶಕೆಯನ್ನು ಬಳಕೆಗೆ ತಂದ ಮೇಲೆ ಆತ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದನ್ನರಿಯದ ನಕಲುಗಾರ ಎಡದಿಂದ ಬಲಕ್ಕೆ ಬರೆದು ತನ್ನನ್ನು ತಾನೇ ತೋರಿಸಿಕೊಳ್ಳುವುದುಂಟು.

ಎರಡನೆಯ ಮೆಟ್ಟಿಲು ಮೌನದ್ದು. ಇದೇ ಹೆಚ್ಚು ವ್ಯಾಪಕ. ನಮ್ಮ ಮನೆಗಳಲ್ಲಿ ತಾಮ್ರವನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವುದು ಒಳ್ಳೆಯ ಗೃಹಕೃತ್ಯ. ಆದರೆ ಹಾಗೆ ಬೆಳಗಿದ ಹಳೆಯ ಕಾಸು ತನ್ನ ಮೈಬಣ್ಣವನ್ನೂ ಬೆಲೆಯ ಬಹುಭಾಗವನ್ನೂ ಒಟ್ಟಿಗೆ ಕಳೆದುಕೊಳ್ಳುತ್ತದೆ. ಬೆಳಗಿದ್ದು ತಪ್ಪಲ್ಲ, ಬೆಳಗಿದ್ದನ್ನು ಹೇಳದೆ ‘ಹೊಚ್ಚ ಹೊಸದರಂತಿದೆ’ ಎನ್ನುವುದು ತಪ್ಪು. ಒಡವೆಗಾಗಿ ಕುಣಿಕೆ ಬೆಸೆದು ತೆಗೆದ ಗುರುತನ್ನು ಚಿತ್ರದ ನೆರಳಿನಲ್ಲಿ ಮರೆಸುವುದು, ಒಂದೇ ಮುಖದ ಚಿತ್ರ ಕೊಡುವುದು, ಇವೂ ಇದೇ ಜಾತಿಯವು. ಇಲ್ಲಿ ಹೇಳಿದ ಮಾತೆಲ್ಲ ನಿಜವೇ ಇರಬಹುದು. ಸುಳ್ಳು ಇರುವುದು ಹೇಳದೆ ಬಿಟ್ಟ ಮಾತಿನಲ್ಲಿ.

ಹರಾಜಿಗೇ ಸೇರಿದ ಮೋಸ ಮೂರನೆಯದು. ಮಾರುವವನ ಕಡೆಯವರೇ ಕೊಳ್ಳುವವರಂತೆ ನಟಿಸಿ ಬೆಲೆ ಏರಿಸುವ ತಂತ್ರ ಸಂತೆಯಷ್ಟೇ ಹಳೆಯದು. ಸಂತೆಯಲ್ಲಾದರೆ ಮುಖ ಕಾಣುತ್ತಿತ್ತು. ಇಲ್ಲಿ ಹೆಸರೂ ಮುಸುಕು ಹಾಕಿಕೊಂಡಿರುತ್ತದೆ. ನಮ್ಮ ಕಾನೂನು ಇದನ್ನು ಬಹಳ ಹಿಂದೆಯೇ ಕಂಡಿದೆ. ೧೯೩೦ರ ಸರಕು ಮಾರಾಟ ಕಾಯಿದೆಯ ೬೪ನೆಯ ಪ್ರಕರಣದ ಪ್ರಕಾರ, ಮಾರುವವನು ನಟನೆಯ ಕೂಗಿನಿಂದ ಬೆಲೆ ಏರಿಸಿದ್ದರೆ ಕೊಂಡವನು ಬಯಸಿದಲ್ಲಿ ಆ ಮಾರಾಟವನ್ನು ರದ್ದುಮಾಡಬಹುದು. ಅದೇ ಕಾಯಿದೆಯ ೧೫ನೆಯ ಪ್ರಕರಣ, ವರ್ಣನೆಯ ಮೇಲೆ ಮಾರಿದ ಸರಕು ವರ್ಣನೆಗೆ ತಕ್ಕಂತಿರಬೇಕೆನ್ನುತ್ತದೆ. ೨೦೨೦ರ ಇ-ವಾಣಿಜ್ಯ ನಿಯಮಗಳೂ ಮಾರುವವನ ಜಾಹೀರಾತು ವಸ್ತುವಿನ ನಿಜವಾದ ಲಕ್ಷಣಕ್ಕೆ ಹೊಂದಬೇಕೆಂದು ವಿಧಿಸಿವೆ. ನೂರು ವರ್ಷ ದಾಟಿದ ನಾಣ್ಯ ೧೯೭೨ರ ಕಾಯಿದೆಯ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ಆ ಬ್ಯಾಂಕು ೨೦೨೧ರಲ್ಲಿ ಎಚ್ಚರಿಸಿದೆ.

ಕಾನೂನು ಕೊಳ್ಳುವವನನ್ನು ಕಾಪಾಡುವ ಮಾತಾಯಿತು. ಮಾರುವವನೇ ಅರಿಯದವನಾದರೆ? ಗಂಡನ ಕಾಲದ ಪೆಟ್ಟಿಗೆಯನ್ನು ತೆರೆದು, ಮೊಮ್ಮಗಳ ಶುಲ್ಕಕ್ಕೆಂದು ಅದರಲ್ಲಿದ್ದುದನ್ನು ಮಾರಹೊರಟ ವೃದ್ಧೆಯನ್ನು ನೆನೆಯಿರಿ. ಅವಳ ಪಾಲಿಗೆ ಅವೆಲ್ಲ ಹಳೆಯ ಬಿಲ್ಲೆಗಳು. ಬಂದ ಸಂಗ್ರಾಹಕನ ಕಣ್ಣಿಗೆ ಅವುಗಳ ನಡುವೆ ಅಪರೂಪದ ಟಂಕಸಾಲೆಯದೊಂದು ಬಿತ್ತು. ಅವನು ಲೋಹದ ತೂಕಕ್ಕೆ ಬೆಲೆ ಕೊಟ್ಟು ಎಲ್ಲವನ್ನೂ ಕೊಂಡರೆ ಯಾವ ಪ್ರಕರಣವೂ ಅವನನ್ನು ಸುಲಭವಾಗಿ ಹಿಡಿಯಲಾರದು. ನಾಣ್ಯತನದ ಒರೆಗಲ್ಲು ಇಲ್ಲಿದೆ ಎಂದು ನನಗೆ ತೋರುತ್ತದೆ. ತಿಳಿವಳಿಕೆಯಿಂದ ಲಾಭ ಪಡೆಯುವುದು ವಿದ್ಯೆಯ ಕೂಲಿ. ಇನ್ನೊಬ್ಬರ ಅರಿಯಮಿಯಿಂದ ಲಾಭ ಪಡೆಯುವುದು ಆ ವಿದ್ಯೆಗೇ ಬಗೆದ ದ್ರೋಹ.

ಈ ವ್ಯವಹಾರದಲ್ಲಿ ನಷ್ಟವಾಗುವುದು ಹಣವೊಂದೇ ಅಲ್ಲ. ಮೈಸೂರು ಇತಿಹಾಸದ ಹಲವು ಸಂಗತಿಗಳಿಗೆ ನಾಣ್ಯಗಳೇ ಸಾಕ್ಷಿ. ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಕುರಿತು ಹೆಂಡರ್‌ಸನ್ ೧೯೨೧ರಲ್ಲಿ ಪ್ರಕಟಿಸಿದ ಗ್ರಂಥವಾಗಲಿ, ಆಚಾರ್ಯ ಎ.ವಿ. ನರಸಿಂಹಮೂರ್ತಿಯವರು ಕರ್ನಾಟಕದ ನಾಣ್ಯಗಳನ್ನು ಕುರಿತು ನಡೆಸಿದ ಅಧ್ಯಯನವಾಗಲಿ ನಿಂತಿರುವುದು ಆ ಸಾಕ್ಷಿಯ ಮೇಲೆ. ಇಂದಿನ ಹರಾಜಿನ ಪಟ್ಟಿಗಳು ನಾಳಿನ ಸಂಶೋಧಕರಿಗೆ ಆಕರಗಳಾಗುತ್ತವೆ. ಸಿಕ್ಕಿದ ಊರನ್ನು ಸುಳ್ಳಾಗಿ ಬರೆದರೆ, ತಿದ್ದಿದ ಇಸವಿಯನ್ನು ನಿಜವೆಂದು ಅಚ್ಚು ಮಾಡಿದರೆ, ಆ ಸುಳ್ಳು ಕೊಂಡವನ ಮನೆಯಲ್ಲೇ ಉಳಿಯುವುದಿಲ್ಲ. ಚರಿತ್ರೆಯ ಪುಟಕ್ಕೆ ನುಸುಳುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಮಾರುವವರು ಎರಡೂ ಮುಖಗಳ ಚಿತ್ರ, ಗ್ರಾಮಿನಲ್ಲಿ ತೂಕ, ಮಿಲಿಮೀಟರಿನಲ್ಲಿ ಅಳತೆ ಕೊಡಲಿ, ದೋಷವಿದ್ದರೆ ಮೊದಲ ಸಾಲಿನಲ್ಲೇ ಹೇಳಲಿ, ಖಚಿತವಿಲ್ಲದ್ದನ್ನು ಖಚಿತವಿಲ್ಲವೆಂದೇ ಬರೆಯಲಿ, ಒಪ್ಪಿಗೆಯಾಗದಿದ್ದರೆ ಹಿಂತೆಗೆದುಕೊಳ್ಳಲಿ. ಕೊಳ್ಳುವವರು ಬಿರುದುಗಳನ್ನು ಓದುವ ಮುಂಚೆ ನಾಣ್ಯವನ್ನು ನೋಡಲಿ. ನಾಣ್ಯಕ್ಕೂ ಮುಂಚೆ ಅದರ ಬಗೆಗಿನ ಪುಸ್ತಕವನ್ನು ಕೊಳ್ಳಲಿ. ಇದರಲ್ಲಿ ಹೊಸದೇನೂ ಇಲ್ಲ. ಚಿನಿವಾರನ ಅಂಗಡಿಯಲ್ಲಿ ನಡೆಯುತ್ತಿದ್ದ ಮರ್ಯಾದೆಯೇ ಇದು. ಅರಸರು ಹೋದರು, ಟಂಕಸಾಲೆಗಳು ಮುಚ್ಚಿದವು, ಆ ಹಣಕ್ಕೆ ಇಂದು ಅಂಗಡಿಯಲ್ಲಿ ಒಂದು ಹಿಡಿ ಅಕ್ಕಿಯೂ ಬಾರದು. ಅದಕ್ಕೆ ಈಗ ಉಳಿದಿರುವ ಬೆಲೆಯೆಲ್ಲ ಅದರ ಬಗ್ಗೆ ನಾವಾಡುವ ಮಾತಿನ ಮೇಲೆ ನಿಂತಿದೆ. ಆ ಮಾತು ನಾಣ್ಯವಾಗಿರಬೇಕು.

(ಬಾನುಲಿ ಭಾಷಣದ ಲಿಖಿತ ರೂಪ)